ಮಾಯವಾದ ಡ್ರ್ಯಾಗನ್ ಮೊಟ್ಟೆಗಳು

2002ರ ಬೇಸಿಗೆ ರಜೆ. ಚಿಕ್ಕಪ್ಪ ಬೆಂಗಳೂರಿನಿಂದ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಒಂದು ಪ್ಲೇಸ್ಟೇಷನ್ ತಂದಿದ್ದರು, ಕಾಪಿ ಸಿಡಿಗಳೂ ನಡೆಯುವ ಹಾಗೆ ಒಳಗೆ ಚಿಪ್ ಹಾಕಿಸಿದ್ದು. ಆಗ ಶಿವಮೊಗ್ಗದಲ್ಲಿ ಚಿಪ್ ಹಾಕಿಸದ ಪ್ಲೇಸ್ಟೇಷನ್ ನಾನು ಯಾರ ಮನೆಯಲ್ಲೂ ನೋಡಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ 60 ರೂಪಾಯಿಗೆ ಸಿಡಿ ಸಿಗುತ್ತಿತ್ತು, ತೆಳು ಪ್ಲಾಸ್ಟಿಕ್ ಕವರ್, ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಹೆಸರು. ಹಾಗೆ ಕೈಗೆ ಬಂದದ್ದು ‘ಸ್ಪೈರೋ: ಇಯರ್ ಆಫ್ ದಿ ಡ್ರ್ಯಾಗನ್’.

ಕಥೆ ಇಷ್ಟೇ. ಮಾಟಗಾತಿಯ ಕಡೆಯವರು ಡ್ರ್ಯಾಗನ್‌ಗಳ 150 ಮೊಟ್ಟೆ ಕದ್ದೊಯ್ದಿದ್ದಾರೆ, ನೇರಳೆ ಬಣ್ಣದ ಪುಟ್ಟ ಸ್ಪೈರೋ ಅವನ್ನೆಲ್ಲ ಹುಡುಕಿ ತರಬೇಕು. ನಾನೂ ಅಕ್ಕನೂ ಸರದಿಯಲ್ಲಿ ಆಡುತ್ತಿದ್ದೆವು. ಒಂದು ದಿನ ಆಟದೊಳಗಿನ ಝೋಯಿ ಅನ್ನೋ ಕಿನ್ನರಿ ಬಂದು ಏನೋ ಉದ್ದಕ್ಕೆ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಅಕ್ಕ ಆಗ ಪಿಯುಸಿ, ಅವಳು ಪರದೆ ಮೇಲಿನ ಸಾಲು ಓದಿ, “ಇದು ಕಳ್ಳ ಕಾಪಿ ಅಂತೆ ಕಣೋ, ಮುಂದೆ ತೊಂದರೆ ಬರಬಹುದಂತೆ” ಅಂದಳು. ಕಥೆಯ ಭಾಗ ಇರಬೇಕು ಅಂದುಕೊಂಡು ಮುಂದೆ ಆಡಿದೆವು.

ಆಮೇಲೆ ಮೊಟ್ಟೆಗಳು ಕಾಣೆಯಾಗತೊಡಗಿದವು. ನಿನ್ನೆ ಸಿಕ್ಕಿದ್ದು ಇವತ್ತು ಲೆಕ್ಕದಲ್ಲಿ ಇಲ್ಲ. ಮತ್ತೆ ಹುಡುಕಿ, ಮತ್ತೆ ಕಳೆದುಕೊಂಡು, ಹೇಗೋ ಮಾಟಗಾತಿಯವರೆಗೆ ತಲುಪಿದ್ದೆವು. ಹೊಡೆದಾಟದ ಮಧ್ಯೆ ಆಟ ಸೀದಾ ಮೊದಲಿಗೆ ಹೋಗಿಬಿಟ್ಟಿತು. ಆಡಿದ್ದನ್ನು ಉಳಿಸಿಡುವ ಮೆಮೊರಿ ಕಾರ್ಡ್ ನೋಡಿದರೆ ನಮ್ಮ ಸೇವ್ ಇಲ್ಲವೇ ಇಲ್ಲ. ಒಂದು ತಿಂಗಳ ಆಟ. ನಾನು ಅತ್ತುಬಿಟ್ಟೆ. ಅಂಗಡಿಯವನು ಕಾರ್ಡ್ ಹೋಗಿದೆ ಅಂತ ಹೊಸದು ಕೊಡಿಸಿದ. ಹೊಸ ಕಾರ್ಡಿನಲ್ಲೂ ಅದೇ ಕಥೆ.

ಅದು ಕಾರ್ಡಿನ ತಪ್ಪಲ್ಲ, ಆಟ ಮಾಡಿದವರು ಬೇಕಂತಲೇ ಹಾಗೆ ಮಾಡಿದ್ದರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಟದ ಪ್ರೋಗ್ರಾಮರ್‌ಗಳಲ್ಲಿ ಒಬ್ಬರಾದ ಗ್ಯಾವಿನ್ ಡಾಡ್ 2001ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ಅದನ್ನು ಓದಿ ನನಗೆ ಸಿಟ್ಟು ಬರಲಿಲ್ಲ. ಎಂಥಾ ಕೆಲಸ ಮಾಡಿದ್ದಾರೆ ಅನ್ನಿಸಿತು.

ಅಸಲಿ ಪ್ಲೇಸ್ಟೇಷನ್ ಸಿಡಿಯ ಒಳಸುತ್ತಿನ ಗೆರೆಯಲ್ಲಿ ಒಂದು ಸಣ್ಣ ಓಲಾಟ ಇರುತ್ತಿತ್ತು. ಅದರಲ್ಲಿ ನಾಲ್ಕು ಅಕ್ಷರ ಅಡಗಿರುತ್ತಿದ್ದವು, ಅವು ಸಿಕ್ಕರೆ ಮಾತ್ರ ಯಂತ್ರ ಸಿಡಿಯನ್ನು ಅಸಲಿ ಅಂತ ಒಪ್ಪುತ್ತಿತ್ತು. ಮನೆಯ ಸಿಡಿ ರೈಟರ್‌ಗೆ ಆ ಓಲಾಟ ಬರೆಯೋಕೆ ಬರಲ್ಲ. ಚಿಪ್ ಮಾಡುತ್ತಿದ್ದದ್ದು ಇಷ್ಟೇ, ಆ ನಾಲ್ಕು ಅಕ್ಷರವನ್ನು ಯಂತ್ರದ ಕಿವಿಯಲ್ಲಿ ತಾನೇ ಹೇಳಿಬಿಡೋದು. ಹಾಗಾಗಿ ಚಿಪ್ ಇದೆಯಾ, ಕಾಪಿ ಸಿಡಿನಾ ಅಂತ ಆಟವೇ ಒಳಗಿನಿಂದ ಪರೀಕ್ಷೆ ಮಾಡೋಕೆ ಶುರುವಾಯಿತು. ಕ್ರ್ಯಾಕ್ ಮಾಡುವವರು, ಅಂದರೆ ಆಟದ ರಕ್ಷಣೆ ಮುರಿಯುವವರು, ಆ ಪರೀಕ್ಷೆಯನ್ನೇ ಕಿತ್ತುಹಾಕುತ್ತಿದ್ದರು. 1999ರ ಎರಡನೇ ಸ್ಪೈರೋ ಆಟದ ರಕ್ಷಣೆ ಒಂದು ವಾರದ ಮೇಲೆ ಸ್ವಲ್ಪ ದಿನ ತಡೆಯಿತು, ಅಷ್ಟೇ.

ಅದಕ್ಕೇ ಮೂರನೆಯದರಲ್ಲಿ ಇನ್ನೊಂದು ಪದರ ಸೇರಿಸಿದರು. ಯಾರಾದರೂ ಕೋಡ್ ಮುಟ್ಟಿದ್ದಾರಾ ಅಂತ ನೋಡುವ ಪದರ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ಪುಟದ ಕೆಳಗೆ ಮೊತ್ತ ಇರುತ್ತೆ, ಮಧ್ಯದಲ್ಲಿ ಒಂದು ಅಂಕಿ ತಿದ್ದಿದರೆ ಮೊತ್ತ ತಾಳೆಯಾಗಲ್ಲ. ಇಲ್ಲಿ ಅಂಥ ಲೆಕ್ಕಗಳು ಒಂದಲ್ಲ, ಹಲವಾರು, ಒಂದರ ಮೇಲೊಂದು ಹಬ್ಬಿಕೊಂಡು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ತಪ್ಪುತ್ತೆ. ಇದಕ್ಕಿಂತ ಜಾಣತನದ ವಿಷಯ ಅಂದರೆ, ಕಳ್ಳತನ ಗೊತ್ತಾದ ತಕ್ಷಣ ಆಟ ನಿಲ್ಲೋದಿಲ್ಲ. ಸುಮ್ನೆ ನಡೆಯುತ್ತಿರುತ್ತೆ. ಅಲ್ಲೊಂದು ಮೊಟ್ಟೆ ಹೋಗುತ್ತೆ, ಇಲ್ಲಿ ಇನ್ನೇನೋ ಕೆಡುತ್ತೆ. ಕ್ರ್ಯಾಕ್ ಮಾಡಿದವನಿಗೆ ತನ್ನ ಕೆಲಸ ಮುಗೀತಾ ಇಲ್ವಾ ಅಂತ ತಿಳಿಯಬೇಕಾದರೆ ಇಡೀ ಆಟ ಕೊನೆಯವರೆಗೂ ಆಡಿ ನೋಡಬೇಕು. ಪೂರ್ತಿ ಬಿಡಿಸಲು ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ನಮ್ಮ 60 ರೂಪಾಯಿಯ ಸಿಡಿ, ಅರ್ಧಂಬರ್ಧ ಬಿಡಿಸಿದ ಕಾಪಿಗಳಲ್ಲಿ ಒಂದು ಇರಬೇಕು.

ಎರಡು ತಿಂಗಳು ಏನು ಮಹಾ ಅನ್ನಿಸಬಹುದು. ಆದರೆ ಆಟ ಅತಿ ಹೆಚ್ಚು ಮಾರಾಟವಾಗೋದೇ ಆ ಮೊದಲ ದಿನಗಳಲ್ಲಿ. ಅಷ್ಟು ದಿನ ತಡೆದರೆ ಸಾಕು ಅನ್ನೋದು ಅವರ ಲೆಕ್ಕ. ನನಗೆ ಜಾಸ್ತಿ ಇಷ್ಟವಾಗೋದು ಬೇರೆ ವಿಷಯ: ಅಸಲಿ ಸಿಡಿ ಕೊಂಡು ಆಡಿದ ಮಗುವಿಗೆ ಝೋಯಿಯ ಆ ಮಾತು ಕೇಳಿಸಲೇ ಇಲ್ಲ.

ಆಮೇಲೆ ಬಂದದ್ದು ಹಾಗಿರಲಿಲ್ಲ. 2010ರಲ್ಲಿ ಯೂಬಿಸಾಫ್ಟ್ ಕಂಪನಿ ‘ಅಸ್ಯಾಸಿನ್ಸ್ ಕ್ರೀಡ್ 2’ ಆಟವನ್ನು ಪಿಸಿಗೆ ತಂದಾಗ, ಒಬ್ಬರೇ ಆಡುವ ಆಟಕ್ಕೂ ಇಂಟರ್ನೆಟ್ ಸದಾ ಇರಲೇಬೇಕಿತ್ತು. ಮಾರ್ಚ್‌ನಲ್ಲಿ ಅವರ ಸರ್ವರ್ ಮೇಲೆ ದಾಳಿಯಾಗಿ, ಕೊಂಡವರೇ ಆಡಲಾಗದೆ ಕೂತರು. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್ ಹೋಗುವ ಮಲೆನಾಡಿನ ಮನೆಯಲ್ಲಿ ಇಂಥ ಆಟ ಇಟ್ಟುಕೊಂಡು ಏನು ಮಾಡೋದು? 2021ರ ‘ರೆಸಿಡೆಂಟ್ ಈವಿಲ್ ವಿಲೇಜ್’ ಪಿಸಿಯಲ್ಲಿ ತಡವರಿಸುತ್ತಿತ್ತು, ಕೊನೆಗೆ ಆ ಆಟ ಮಾಡಿದ ಕ್ಯಾಪ್‌ಕಾಮ್‌ನವರೇ ಪೈರಸಿ ತಡೆಯುವ ಭಾಗವನ್ನು ಸುಧಾರಿಸಿ ಅಪ್‌ಡೇಟ್ ಕೊಟ್ಟರು. ಕಳ್ಳನಿಗೆ ಹಾಕಿದ ಮುಳ್ಳುಬೇಲಿ ಮನೆಯವರಿಗೇ ಚುಚ್ಚಿದ ಹಾಗೆ. ಇದು ನನಗೆ ಒಪ್ಪಿಗೆಯಿಲ್ಲ.

ಈಗ ನಾನು ಬೆಂಗಳೂರಿನಲ್ಲಿ ಆಟಗಳ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಫೋನ್ ಲಾಕರ್‌ನಲ್ಲಿಟ್ಟು ಒಳಗೆ ಹೋಗಬೇಕು. ಪರದೆಯ ಮೇಲೆ ನನ್ನದೇ ಐಡಿ ಮಸುಕಾಗಿ, ಓರೆಯಾಗಿ, ಇಡೀ ದಿನ ಕಾಣುತ್ತಿರುತ್ತೆ. ಫೋಟೋ ಹೊರಗೆ ಹೋದರೆ ಯಾರ ಪರದೆಯಿಂದ ಹೋಯಿತು ಅಂತ ಗೊತ್ತಾಗುತ್ತೆ. ಹೊಸದಾಗಿ ಸೇರಿದವರು ಇದು ಅವಮಾನ ಅನ್ನುತ್ತಾರೆ. ನನಗೆ ಹಾಗನ್ನಿಸಲ್ಲ. ಹಿಂದೆ ಕೆಲಸ ಮಾಡಿದ ಒಂದು ಕಡೆ ಆಟದ ಅರ್ಧ ಮುಗಿದ ಒಂದು ಹಂತದ ಚಿತ್ರ ಹೊರಗೆ ಹೋಗಿತ್ತು. ಹುಲ್ಲು ಇನ್ನೂ ಹಾಕಿರಲಿಲ್ಲ, ಗೋಡೆಗಳು ಬರೀ ಬೂದು ಬಣ್ಣ. ಜನ ಅದನ್ನೇ ಆಟ ಅಂದುಕೊಂಡು ಬೈದರು. ಆ ಹಂತ ಮಾಡುತ್ತಿದ್ದ ಹುಡುಗಿ ಆ ಕಾಮೆಂಟ್‌ಗಳನ್ನೆಲ್ಲ ಊಟದ ಹೊತ್ತಿನಲ್ಲಿ ಒಂದೊಂದಾಗಿ ಓದುತ್ತಾ ಕೂತಿದ್ದಳು, ಡಬ್ಬಿ ಮುಚ್ಚಳ ತೆಗೆದಿರಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಆಗಿನ್ನೂ ತಯಾರಾಗುತ್ತಿದ್ದ ‘ಜಿಟಿಎ 6’ ಆಟದ 90 ವಿಡಿಯೋ ಸೋರಿದಾಗಲೂ ಜನ ಮುಗಿಯದ ಗ್ರಾಫಿಕ್ಸ್ ನೋಡಿ ಆಡಿಕೊಂಡರು. ನನಗೆ ನೆನಪಾದದ್ದು ಆ ಡಬ್ಬಿ.

ಸ್ಪೈರೋದ ಮೂರು ಆಟಗಳೂ 2018ರಲ್ಲಿ ಹೊಸದಾಗಿ ಒಟ್ಟಿಗೆ ಬಂದವು. ಈ ಸಲ ಅಸಲಿಯನ್ನೇ ಕೊಂಡುಕೊಂಡೆ. ಯಾವ ಮೊಟ್ಟೆಯೂ ಮಾಯವಾಗಲಿಲ್ಲ. ಮಾಟಗಾತಿ ಸೋತ ರಾತ್ರಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಪರದೆ ತೋರಿಸಿದೆ. ಅವಳು ಮೊದಲು ಕೇಳಿದ್ದು, “ಸೇವ್ ಇದೆಯಾ, ನೋಡಿದ್ಯಾ?”