ಕತ್ತರಿಗಿಂತ ಮೊದಲು ಪೊರಕೆ

ಅಕ್ಕನ ಮಗಳು ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. "ಚಿಕ್ಕಮ್ಮ, ನಾನೂ ನಿನ್ನ ಥರ ಹೇರ್ ಡ್ರೆಸ್ಸರ್ ಆಗ್ತೀನಿ. ನಂಗೆ ಸೂಟ್ ಆಗುತ್ತಾ ಹೇಳು." ಆಗುತ್ತೆ ಬಿಡು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕೆ ಆ ಆಸೆ ಅಂತ ಕೇಳಿದೆ. "ಕೂದಲು ಅಂದ್ರೆ ನಂಗೆ ತುಂಬಾ ಇಷ್ಟ. ಫ್ರೆಂಡ್ಸ್‌ಗೆಲ್ಲ ನಾನೇ ಜಡೆ ಹಾಕೋದು, ಎಲ್ಲರೂ ಚೆನ್ನಾಗಿದೆ ಅಂತಾರೆ."

ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಇದೇ ಉತ್ತರವನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ತಪ್ಪು ಉತ್ತರ ಅಲ್ಲ, ಆದರೆ ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಕೂದಲು ಇಷ್ಟ ಅಂತ ಬಂದು ಆರು ತಿಂಗಳಿಗೆ ಓಡಿಹೋದವರನ್ನು ನೋಡಿದ್ದೇನೆ. ಬೇರೆ ದಾರಿ ಕಾಣದೆ ಬಂದು, ಈಗ ಎರಡು ದಿನ ರಜೆ ಸಿಕ್ಕರೆ ಕೈ ಚಡಪಡಿಸುತ್ತದೆ ಅನ್ನುವವರನ್ನೂ ನೋಡಿದ್ದೇನೆ. ವಿಡಾಲ್ ಸಸೂನ್ ಹೆಸರು ಕೇಳಿರುತ್ತೀರಿ. 1928ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು, 1963ರಲ್ಲಿ ಅವರು ಮಾಡಿದ ಬಾಬ್ ಕಟ್ ಇವತ್ತಿಗೂ ನಾವು ಕಲಿಯುವ ಪಾಠ. ಅವರಿಗೆ ಫುಟ್‌ಬಾಲ್ ಹುಚ್ಚು. 14ನೇ ವಯಸ್ಸಿಗೆ ಅವರನ್ನು ಕ್ಷೌರದ ಕೆಲಸ ಕಲಿಯಲು ಹಚ್ಚಿದ್ದು ಅವರ ತಾಯಿ. ಹಾಗಾಗಿ ಇಷ್ಟ ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ತಪ್ಪು ಮಾಡಿ, ತಪ್ಪಾದವರ ಮುಂದೆಯೇ ನಿಂತಿರಲು ಆಗುತ್ತಾ?

ಕಲಿಕೆ ಮುಗಿಸಿ ಹೊಸದಾಗಿ ಕುರ್ಚಿ ಸಿಕ್ಕಿತ್ತು. ಒಬ್ಬಾಕೆ ಬಂದು ಹಣೆಯ ಮೇಲೆ ಫ್ರಿಂಜ್ ಬೇಕು ಅಂದರು, ಹುಬ್ಬಿನವರೆಗೆ. ಕೂದಲು ಒದ್ದೆ ಮಾಡಿದೆ, ಬಾಚಿದೆ, ಎರಡು ಬೆರಳ ಮಧ್ಯೆ ಗಟ್ಟಿಯಾಗಿ ಹಿಡಿದು ಹುಬ್ಬಿನ ನೇರಕ್ಕೆ ಕತ್ತರಿಸಿದೆ. ಗೆರೆ ಎಳೆದ ಹಾಗೆ ನೇರ. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಆಮೇಲೆ ಡ್ರೈಯರ್ ಹಿಡಿದೆ ನೋಡಿ, ಕೂದಲು ಒಣಗುತ್ತಾ ಒಣಗುತ್ತಾ ಮೇಲೆ ಹತ್ತಲು ಶುರುವಾಯಿತು. ಹುಬ್ಬು ಬಿಟ್ಟಿತು, ಹಣೆಯ ಅರ್ಧಕ್ಕೆ ಬಂತು, ಎಡಗಡೆ ಒಂದು ಗೊಂಚಲು ಕೋಳಿಯ ಜುಟ್ಟಿನ ಹಾಗೆ ಎದ್ದು ನಿಂತಿತು. ಒದ್ದೆ ಕೂದಲು ಎಳೆದರೆ ಶೇ. 30ರಷ್ಟು ಹಿಗ್ಗಬಹುದು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಹಣೆಯಂಚಿನಲ್ಲಿ ಸುಳಿ ಇದ್ದರೆ ಅಲ್ಲಿಯ ಕೂದಲು ತನ್ನ ದಾರಿ ತಾನೇ ಹಿಡಿಯುತ್ತದೆ ಅಂತಲೂ ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ, ಅಷ್ಟೇ.

ಆಕೆ ಬೈಯಲಿಲ್ಲ. ಕನ್ನಡಿಯಲ್ಲಿ ಸುಮ್ನೆ ನೋಡುತ್ತಾ ಕೂತರು. ಅದೇ ಕಷ್ಟ. ಈ ಕೆಲಸದಲ್ಲಿ ನಿಮ್ಮ ತಪ್ಪು ಕನ್ನಡಿಯಲ್ಲಿ ನಿಮ್ಮನ್ನೇ ನೋಡುತ್ತಾ ಕೂತಿರುತ್ತದೆ. ಕಂಪ್ಯೂಟರ್ ಆಗಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಬಹುದಿತ್ತು. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ನಾನು ಕತ್ತರಿಸಿದ್ದು ಎರಡೂವರೆ ಸೆಂಟಿಮೀಟರ್ ಜಾಸ್ತಿ. ಲೆಕ್ಕ ಹಾಕಿಕೊಳ್ಳಿ. ಸಲೂನಿನ ಸೀನಿಯರ್ ಬಂದು ಬದಿಗೆ ತಿರುಗಿಸಿ ಹೇಗೋ ಕೂರಿಸಿಕೊಟ್ಟರು, ನಾನು ಕ್ಷಮಿಸಿ ಅಂದೆ, ಆಕೆ ಹೋದರು. ಹತ್ತು ನಿಮಿಷಕ್ಕೆ ಮುಂದಿನ ಗಿರಾಕಿ ಬಂದು ಕೂತರು. ಅವರಿಗೂ ಫ್ರಿಂಜ್ ಬೇಕಂತೆ!

ಆ ಎರಡನೇ ಫ್ರಿಂಜ್ ಕತ್ತರಿಸಲು ಕೈ ಎತ್ತುವುದು ನಿಮ್ಮಿಂದ ಆಗುತ್ತದಾ ಅಂತ ಯೋಚಿಸಿ. ಕೈ ನಡುಗಬಾರದು ಅಂತ ಅಲ್ಲ, ನಡುಗಲಿ. ಆದರೆ ಹಿಂದಿನ ತಪ್ಪನ್ನು ಮುಂದಿನ ತಲೆಯವರೆಗೂ ಹೊತ್ತುಕೊಂಡು ಹೋಗುವವರಿಗೆ, ರಾತ್ರಿಯೆಲ್ಲ ಅದನ್ನೇ ನೆನೆದು ನಿದ್ದೆಗೆಡುವವರಿಗೆ ಈ ಕೆಲಸ ಹಿಂಸೆ. ತಪ್ಪಾಯಿತು ಅಂತ ಅನ್ನಿಸದೇ ಇರುವವರು ಇನ್ನೂ ಅಪಾಯ, ಅದು ಬೇರೆ ಮಾತು.

ಇನ್ನು ಮೈಯ ವಿಷಯ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ದಿನಕ್ಕೆ ಎಂಟು ಗಂಟೆ ನಿಂತಿರಬೇಕು, ಅದೂ ಒಂದೇ ಜಾಗದಲ್ಲಿ ಸುತ್ತುತ್ತಾ. ಕಾಲು ನೋವು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹೊಸಬರನ್ನು ಕೆಡವುವುದು ಭುಜ ಮತ್ತು ಮಣಿಕಟ್ಟು, ಯಾಕೆಂದರೆ ಒಂದು ಕೈಯಲ್ಲಿ ಡ್ರೈಯರ್, ಇನ್ನೊಂದರಲ್ಲಿ ದುಂಡು ಬ್ರಷ್ ಹಿಡಿದು ಉದ್ದ ಕೂದಲಿಗೆ ಬ್ಲೋ ಡ್ರೈ ಮಾಡುವಾಗ ಮೊಣಕೈ ಎರಡೂ ಭುಜದೆತ್ತರಕ್ಕೆ ಏರಿಬಿಟ್ಟಿರುತ್ತವೆ, ಅದು ನಿಮ್ಮ ಗಮನಕ್ಕೂ ಬಂದಿರುವುದಿಲ್ಲ. ಕುರ್ಚಿ ಎತ್ತರ ಮಾಡುವ ಪೆಡಲ್ ಇರುವುದು ಗಿರಾಕಿಗಲ್ಲ, ನಿಮ್ಮ ಬೆನ್ನಿಗೆ. ಅದನ್ನು ಒತ್ತಲು ಸೋಮಾರಿತನ ಮಾಡಿ ಬಗ್ಗಿ ಬಗ್ಗಿ ಕೆಲಸ ಮಾಡಿದ ನನ್ನ ಮೊದಲ ಎರಡು ವರ್ಷದ ಬಾಕಿಯನ್ನು ಈಗಲೂ ತೀರಿಸುತ್ತಿದ್ದೇನೆ.

ಅದಕ್ಕಿಂತ ದೊಡ್ಡದು ಕೈಯ ಚರ್ಮ. ಕಲಿಯುವವರಿಗೆ ಮೊದಲು ಸಿಗುವುದು ಕತ್ತರಿ ಅಲ್ಲ, ತಲೆ ತೊಳೆಯುವ ಕೆಲಸ. ದಿನವಿಡೀ ನೀರು, ಶಾಂಪೂ, ಮತ್ತೆ ನೀರು. ಮೂರನೇ ವಾರಕ್ಕೆ ನನ್ನ ಬೆರಳ ಸಂದಿಯಲ್ಲಿ ಚರ್ಮ ಕೆಂಪಾಗಿ, ಒಣಗಿ, ಸಣ್ಣ ಸಣ್ಣ ಬಿರುಕು ಬಿಟ್ಟಿತು. ಬಿಸಿನೀರು ತಾಗಿದರೆ ಉಪ್ಪು ಹಚ್ಚಿದ ಹಾಗೆ ಉರಿ. ಗ್ಲೌಸ್ ಹಾಕಿಕೊಂಡರೆ ಕೂದಲಿನ ಹದ ಗೊತ್ತಾಗಲ್ಲ ಅನ್ನುವ ಒಣ ಜಂಬ ಬೇರೆ ಇತ್ತು ಆಗ. ಇದು ನನ್ನೊಬ್ಬಳ ಕಥೆ ಅಲ್ಲ, ಕೈಯ ಡರ್ಮಟೈಟಿಸ್, ಅಂದರೆ ಚರ್ಮದ ಉರಿಯೂತ, ಈ ವೃತ್ತಿಗೆ ಅಂಟಿಕೊಂಡೇ ಬಂದ ಕಾಯಿಲೆ. ಚಿಕ್ಕಂದಿನಲ್ಲಿ ಇಸುಬು ಇದ್ದವರಿಗೆ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಕಡುಬಣ್ಣದ ಹೇರ್ ಡೈಗಳಲ್ಲಿ ಪಿಪಿಡಿ ಅಂತ ಒಂದು ರಾಸಾಯನಿಕ ಇರುತ್ತದೆ, ಅದರ ಅಲರ್ಜಿ ಒಮ್ಮೆ ಅಂಟಿತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಗಿರಾಕಿಗೆ ಬಣ್ಣ ಹಾಕುವ 48 ಗಂಟೆ ಮೊದಲು ಚರ್ಮಕ್ಕೆ ಚೂರು ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಮಾಡುವುದು ಇದೇ ಕಾರಣಕ್ಕೆ. ಗಿರಾಕಿಯಾದರೆ ಡೈ ಬೇಡ ಅಂದು ಎದ್ದು ಹೋಗಬಹುದು. ಅದೇ ಅಲರ್ಜಿ ನಿಮಗೆ ಬಂದರೆ ಹೊಟ್ಟೆಪಾಡಿನ ಪ್ರಶ್ನೆ. ಹಾಗಾಗಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು, ನಿಮ್ಮದು ಸೂಕ್ಷ್ಮ ಚರ್ಮ ಅನ್ನಿಸಿದರೆ ಒಬ್ಬ ಚರ್ಮದ ಡಾಕ್ಟರನ್ನು ಕಂಡು ಬನ್ನಿ. ಮೊದಲ ದಿನದಿಂದಲೇ ನೈಟ್ರೈಲ್ ಗ್ಲೌಸ್ ಹಾಕಿ. ಜಂಬ ಪಟ್ಟರೆ ಏನಾಗುತ್ತದೆ ಅಂತ ನನ್ನ ಕೈ ನೋಡಿದರೆ ಗೊತ್ತಾಗುತ್ತದೆ.

ಕೆಮಿಸ್ಟ್ರಿ ಬರಲ್ಲ ಅಂತ ಹೆದರುವವರು ಇದ್ದಾರೆ. ಅಷ್ಟೇನೂ ಬೇಡ, ಅಳತೆಯ ಶಿಸ್ತು ಸಾಕು. ಬಣ್ಣಕ್ಕೆ, ಬ್ಲೀಚಿಗೆ ಬೆರೆಸುವ ಡೆವಲಪರ್ ಬಾಟಲಿಯ ಮೇಲೆ 10, 20, 30, 40 ವಾಲ್ಯೂಮ್ ಅಂತ ಇರುತ್ತದೆ, ಅಂದರೆ 3, 6, 9, 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಕಪ್ಪು ಕೂದಲಿಗೆ ಬ್ಲೀಚ್ ಹಾಕಿದರೆ ನೇರ ಬಿಳಿ ಆಗುವುದಿಲ್ಲ, ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಹಳದಿಯನ್ನು ನೇರಳೆ ತಗ್ಗಿಸುತ್ತದೆ, ಕಿತ್ತಳೆಯನ್ನು ನೀಲಿ. ಇದು ಬಾಯಿಪಾಠ ಆಗುತ್ತದೆ. ಬಾಯಿಪಾಠ ಆಗದೇ ಇರುವುದು ಒಂದೇ: ಫೋನಿನಲ್ಲಿ ಫೋಟೋ ತೋರಿಸಿ, ಇವತ್ತೇ ಹೀಗೇ ಆಗಬೇಕು ಅನ್ನುವವರಿಗೆ, ನಿಮ್ಮ ಕೂದಲು ಇದನ್ನು ಇವತ್ತು ತಡೆಯಲ್ಲ, ಎರಡು ಮೂರು ಸಲಕ್ಕೆ ಮಾಡೋಣ ಅಂತ ಮುಖ ನೋಡಿ ಹೇಳುವುದು. ಹೂಂ ಅಂದರೆ ಅವತ್ತಿಗೆ ದುಡ್ಡು ಬರುತ್ತದೆ. ಕೂದಲು ರಬ್ಬರಿನ ಹಾಗೆ ಎಳೆದುಕೊಂಡು ಕೈಯಲ್ಲೇ ತುಂಡಾಗಿ ಬಂದಾಗ ಹೇಳಲು ಮಾತಿರುವುದಿಲ್ಲ. ಯಾರಿಗೂ ಇಲ್ಲ ಅನ್ನಲು ಬಾರದ ಸ್ವಭಾವ ನಿಮ್ಮದಾದರೆ, ಇಲ್ಲಿಗೆ ಬರುವ ಮೊದಲು ಅದನ್ನು ರೂಢಿ ಮಾಡಿಕೊಳ್ಳಿ.

ಮಾತು ಅಂದಾಗ ನೆನಪಾಯಿತು. ನಾನು ಜಾಸ್ತಿ ಮಾತಾಡಲ್ಲ, ನಂಗೆ ಈ ಕೆಲಸ ಆಗುತ್ತಾ ಅಂತ ಕೇಳುತ್ತಾರೆ. ಖಂಡಿತ ಆಗುತ್ತದೆ. ನಾನು ಕಂಡ ಒಳ್ಳೆಯ ಕೆಲಸಗಾರರಲ್ಲಿ ಮೂವರು ಗಂಟೆಗೆ ನಾಲ್ಕು ಮಾತು ಆಡುವವರು. ಬೇಕಾಗಿರುವುದು ಕಿವಿ. "ಸ್ವಲ್ಪ ಕಟ್ ಮಾಡಿ" ಅನ್ನುತ್ತಾರೆ ಗಿರಾಕಿಗಳು. ಒಬ್ಬೊಬ್ಬರ ಸ್ವಲ್ಪ ಒಂದೊಂದು ಥರ. ಕೆಲವರ ಸ್ವಲ್ಪ ಉಗುರಿನಷ್ಟು, ಕೆಲವರದ್ದು ಗೇಣುದ್ದ. ಅದಕ್ಕೇ ನಾನು ಕತ್ತರಿ ಮುಟ್ಟುವ ಮೊದಲು ಕೂದಲನ್ನು ಬೆರಳಲ್ಲಿ ಹಿಡಿದು, ಕನ್ನಡಿಯಲ್ಲಿ ತೋರಿಸಿ, ಇಲ್ಲಿಗಾ ಅಂತ ಕೇಳುತ್ತೇನೆ. ಅವರು ಹೂಂ ಅಂದರೂ ಕಣ್ಣು ನೋಡುತ್ತೇನೆ. ಬಾಯಿ ಹೂಂ ಅನ್ನುತ್ತಿದ್ದಾಗಲೇ ಭುಜ ಬಿಗಿಯಾದರೆ ಒಂದು ಬೆರಳು ಕೆಳಗಿಳಿಸುತ್ತೇನೆ.

ಕೆಲವೊಮ್ಮೆ ಕೇಳಿಸಿಕೊಳ್ಳುವುದಕ್ಕಿಂತ ಹೇಳುವುದೇ ಕಷ್ಟ. ಒಂದು ಸಲ ಒಬ್ಬರ ತಲೆಯ ಹಿಂಭಾಗದಲ್ಲಿ ಕೂದಲಿನ ಒಂದು ಭಾಗ ಎತ್ತಿ ಕ್ಲಿಪ್ ಹಾಕಿದಾಗ ಕಿವಿಯ ಹಿಂದೆ ನಾಣ್ಯದಷ್ಟು ಅಗಲ ನುಣ್ಣಗೆ ಬೋಳಾಗಿದ್ದು ಕಂಡಿತು. ಅವರಿಗೆ ಗೊತ್ತೇ ಇಲ್ಲ, ತಮ್ಮ ತಲೆಯ ಹಿಂಭಾಗ ಯಾರಿಗೆ ಕಾಣುತ್ತದೆ ಹೇಳಿ. ಪಕ್ಕದ ಕುರ್ಚಿಯಲ್ಲಿ ಜನ ಇದ್ದರು. ಬಗ್ಗಿ ಮೆಲ್ಲಗೆ ಹೇಳಿದೆ, ಕೈಗನ್ನಡಿ ಹಿಡಿದು ತೋರಿಸಿದೆ, ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ ಅಂದೆ. ಕಾಯಿಲೆಯ ಹೆಸರು ಹೇಳಲಿಲ್ಲ, ಅದು ನನ್ನ ಕೆಲಸ ಅಲ್ಲ. ಆಮೇಲೆ ಆ ಜಾಗ ಮುಚ್ಚುವ ಹಾಗೆ ಮೇಲಿನ ಲೇಯರ್ ಉದ್ದ ಬಿಟ್ಟು ಕತ್ತರಿಸಿದೆ. ಅವತ್ತು ಅವರು ಕೇಳಿದ ಕಟ್ ಅದಲ್ಲ.

ದುಡ್ಡಿನ ಬಗ್ಗೆ ಉದ್ದ ಬರೆಯುವುದಿಲ್ಲ. ಶುರುವಿನಲ್ಲಿ ಕಡಿಮೆ. ನಿಮ್ಮ ಹೆಸರು ಹಿಡಿದು ಕೇಳಿಕೊಂಡು ಬರುವ ಗಿರಾಕಿಗಳು ಸೇರುವುದಕ್ಕೆ ವರ್ಷಗಳೇ ಬೇಕು. ಊರಿಗೆಲ್ಲ ರಜೆ ಇದ್ದ ದಿನ ನಿಮಗೆ ಕೈತುಂಬಾ ಕೆಲಸ.

ಹಾಗಾದರೆ ತಿಳಿಯುವುದು ಹೇಗೆ? ವಿಡಿಯೋ ನೋಡಿ ತಿಳಿಯುವುದಿಲ್ಲ, ಅದರಲ್ಲಿ ಗುಡಿಸುವುದನ್ನು ತೋರಿಸುವುದಿಲ್ಲ. ನಾಲ್ಕು ವಾರಾಂತ್ಯ ಯಾವುದಾದರೂ ಸಲೂನಿನಲ್ಲಿ ಸಹಾಯಕ್ಕೆ ನಿಲ್ಲಿ. ನೆಲ ಗುಡಿಸಿ, ಟವೆಲ್ ಮಡಚಿ, ಬಾಚಣಿಗೆ ತೊಳೆದು ಸೋಂಕುನಿವಾರಕದಲ್ಲಿ ಅದ್ದಿ. ಅಪರಿಚಿತರ ತಲೆ ತೊಳೆಯಿರಿ, ಎಣ್ಣೆ, ಹೊಟ್ಟು, ಬೆವರು ಎಲ್ಲ ಕೈಗೆ ತಾಗಲಿ. ಸಂಜೆ ಬಟ್ಟೆ ಬಿಚ್ಚಿದಾಗ ಕುತ್ತಿಗೆಯೊಳಗೆ, ಸಾಕ್ಸಿನೊಳಗೆ, ಎಲ್ಲೆಲ್ಲೂ ಚುಚ್ಚುವ ತುಂಡು ಕೂದಲು. ಅಸಹ್ಯ ಆಗುತ್ತದಾ, ಬರೀ ಸುಸ್ತಾಗುತ್ತದಾ ನೋಡಿಕೊಳ್ಳಿ. ಸುಸ್ತಾದರೆ ಪರವಾಗಿಲ್ಲ.

ಜೊತೆಗೆ ಒಂದು ಡಮ್ಮಿ ತಲೆ ಕೊಳ್ಳಿ, ಅಂದರೆ ಕತ್ತರಿಸಿ ಕಲಿಯಲು ಕೂದಲಿರುವ ಗೊಂಬೆ ತಲೆ. ಬರೀ ಕತ್ತರಿಯನ್ನು ಒಂದು ವಾರ ಗಾಳಿಯಲ್ಲಿ ಆಡಿಸಿ, ಹೆಬ್ಬೆರಳು ಮಾತ್ರ ಅಲುಗಬೇಕು, ಇನ್ನೊಂದು ಅಲಗು ಕಲ್ಲಿನ ಹಾಗೆ ನಿಂತಿರಬೇಕು. ಎಡಗೈಯವರಾದರೆ ಎಡಗೈ ಕತ್ತರಿಯನ್ನೇ ತಗೊಳ್ಳಿ. ಆಮೇಲೆ ಎಲ್ಲಾ ಕೂದಲನ್ನೂ ಕೆಳಗೆ ಬಾಚಿ ಒಂದೇ ನೇರಕ್ಕೆ ಕತ್ತರಿಸಿ. ಸರಳ ಅನ್ನಿಸುತ್ತದೆ, ಅಲ್ವಾ? ಇದರಷ್ಟು ಮಾನ ಕಳೆಯುವ ಕಟ್ ಇನ್ನೊಂದಿಲ್ಲ, ಲೇಯರಿನಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ದೂರದಿಂದಲೇ ಕಾಣುತ್ತದೆ. ಡಮ್ಮಿ ಕೂದಲು ಬೆಳೆಯುವುದಿಲ್ಲ, ಅದಕ್ಕೇ ಮೊದಲು ಉದ್ದದ ಕಟ್, ಆಮೇಲೆ ಭುಜದವರೆಗೆ, ಕೊನೆಗೆ ಗಿಡ್ಡ. ಒಂದೇ ಕಟ್ಟನ್ನು ಐದನೇ ಸಲ ಮಾಡುವಾಗ ನಿಮಗೆ ಬೇಜಾರು ಬರುತ್ತದಾ, ಇಲ್ಲಾ ನಾಲ್ಕನೆಯದಕ್ಕಿಂತ ಒಂದು ಕೂದಲೆಳೆಯಷ್ಟು ನೇರ ಬಂತು ಅಂತ ಖುಷಿ ಆಗುತ್ತದಾ? ಅಕ್ಕನ ಮಗಳ ಪ್ರಶ್ನೆಗೆ ನನ್ನ ಉತ್ತರ ಇರುವುದು ಅಲ್ಲೇ.

ಅವಳಿಗೆ ಇದನ್ನೆಲ್ಲ ಹೇಳಿದಾಗ ಸ್ವಲ್ಪ ಮುನಿಸಿಕೊಂಡಳು. ಆದರೂ ಡಮ್ಮಿ ತಲೆ ತರಿಸಿದ್ದಾಳೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನು. "ಚಿಕ್ಕಮ್ಮ, ಬಲಗಡೆ ಅರ್ಧ ಸೆಂಟಿಮೀಟರ್ ಉದ್ದ ಇದೆ. ಅದನ್ನ ಸರಿ ಮಾಡಿದ್ರೆ ಎಡಗಡೆ ಉದ್ದ ಕಾಣುತ್ತೆ. ಮೂರು ಸಲ ಆಯ್ತು. ಭುಜದಿಂದ ಕಿವಿಗೆ ಬಂದುಬಿಟ್ಟಿದೆ."

ನಗು ಬಂತು. ಗಿರಾಕಿ ಕಾಲ ಮೇಲೆ ಕಾಲು ಹಾಕಿ ಕೂತರೆ ಸೊಂಟ ವಾಲಿ, ಭುಜ ವಾಲಿ, ಕಟ್ ಕೂಡ ವಾಲುತ್ತದೆ. ಅದಕ್ಕೇ ನಾವು ಕಾಲು ಇಳಿಸಿ ಕೂರಿ ಅನ್ನುವುದು. ಡಮ್ಮಿಗೆ ಕಾಲೇ ಇಲ್ಲ. ಟೇಬಲ್ಲಿಗೆ ಬಿಗಿಯುವ ಕ್ಲ್ಯಾಂಪ್ ನೇರ ಇದೆಯಾ ನೋಡು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ, ಏನೋ ತಿರುಗಿಸುವ ಕಿರ್ ಕಿರ್ ಕೇಳಿಸಿತು.

"ಅಯ್ಯೋ, ತಲೇನೇ ಸೊಟ್ಟ ಇತ್ತು" ಅಂದಳು. ಆಮೇಲೆ, "ಫೋನ್ ಇಡ್ತೀನಿ ಚಿಕ್ಕಮ್ಮ, ಇನ್ನೂ ಕಿವಿವರೆಗೆ ಇದೆಯಲ್ಲ, ಇನ್ನೊಂದು ಸಲ ಮಾಡ್ಬಹುದು."