ಅತ್ತೆಗೆ ಕೇಳಿಸುವ ಬೆಂಚು

ಹೊಸ ಚರ್ಚಿಗೆ ನಾವು ಹೋಗಿದ್ದು ಉದ್ಘಾಟನೆಯಾಗಿ ಮೂರು ವಾರ ಕಳೆದ ಮೇಲೆ. ಬಿಷಪ್ಪರು ಬಂದ ದಿನ ಕಾಲಿಡೋಕೂ ಜಾಗ ಇರಲಿಲ್ಲವಂತೆ. ಅತ್ತೆಯ ಮೊಣಕಾಲಿಗೆ ಅದೆಲ್ಲ ಆಗುವುದಿಲ್ಲ. "ದೇವ್ರು ಎಲ್ಲಿಗೂ ಓಡಿ ಹೋಗಲ್ಲ, ಮೊದ್ಲು ಜನ ಕರಗ್ಲಿ" ಅಂದಿದ್ದರು.

ಹಾಸನದಿಂದ ಅರ್ಧ ಗಂಟೆ ದಾರಿ. ಊರಿನ ಹೆಸರು ಬರೆಯುತ್ತಿಲ್ಲ. ಮುಂದೆ ಒಂದೆರಡು ದೂರು ಹೇಳುವುದಿದೆ. ಅಲ್ಲಿನ ಫಾದರ್ ಒಳ್ಳೆಯವರು, ಸುಮ್ನೆ ಬೇಜಾರು ಮಾಡೋದು ಯಾಕೆ.

ನಮ್ಮ ಅತ್ತೆ ಶೆಟ್ಟಿಹಳ್ಳಿಯವರು. ಹೌದು, ಅದೇ ಶೆಟ್ಟಿಹಳ್ಳಿ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆ ಬಂದರೆ ಮತ್ತೆ ಬುಡದವರೆಗೆ ಕಾಣುತ್ತದಲ್ಲ, ಆ ಚರ್ಚಿನ ಊರು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದು ಊರೇ ಎದ್ದು ಹೋಯಿತು. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರದೇ ಕಾರುಬಾರು. ಅತ್ತೆಯ ಜ್ಞಾನಸ್ನಾನ, ಮದುವೆ ಎರಡೂ ಆಗಿದ್ದು ಅಲ್ಲೇ. ಒಂದು ಸಲ ಹೋಗಿ ಬರೋಣ ಅಂದರೆ ಒಪ್ಪುವುದಿಲ್ಲ. "ಸೂರಿಲ್ಲದ ತವರಿಗೆ ನೆಂಟರ ಥರ ಹೋಗಿ ಏನ್ ಮಾಡ್ಲಿ?" ಅಂತಾರೆ.

ಹಾಗಾಗಿ ಯಾವ ಚರ್ಚಿಗೆ ಹೋದರೂ ಅದನ್ನು ಶೆಟ್ಟಿಹಳ್ಳಿಯ ಪಕ್ಕ ನಿಲ್ಲಿಸಿ ನೋಡುವುದು ಅವರ ಅಭ್ಯಾಸ. ನಾನು ಚಿಕ್ಕಮಗಳೂರಿನವಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಜಂಬ ಕೊಚ್ಚಿದ್ದೆ. ನಮ್ಮದು ಬಿಷಪ್ಪರ ಚರ್ಚು ಅತ್ತೆ, 1963ರಿಂದ ನಿಮ್ಮ ಹಾಸನವೂ ನಮ್ಮ ಧರ್ಮಪ್ರಾಂತಕ್ಕೇ, ಅಂದರೆ ನಮ್ಮ ಬಿಷಪ್ಪರ ವ್ಯಾಪ್ತಿಗೇ ಸೇರಿದ್ದು ಅಂತ. "ಅದಕ್ಕೂ ನೂರು ವರ್ಷ ಮುಂಚೆ ನಮ್ಮಲ್ಲಿ ಗಂಟೆ ಹೊಡೀತಿತ್ತು ಕಣಮ್ಮ" ಅಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಗೇಟಿನ ಹತ್ತಿರ ಇಳಿದಾಗ ಮಗಳು "ಅಮ್ಮ, ಇದು ಮಾಲ್ ಥರ ಇದೆ" ಅಂದಳು. ಅತ್ತೆ ಅವಳ ತಲೆಗೆ ಮೊಟಕಿದರು. ಆದರೆ ಬೇಡ ಅನ್ನಲಿಲ್ಲ. ಎದುರಿಗೆ ಎತ್ತರದ ಗಾಜು, ಎರಡು ಗೋಪುರ, ಕಾರು ನಿಲ್ಲಿಸೋಕೆ ಸಿಮೆಂಟ್ ಇಟ್ಟಿಗೆ ಹಾಸಿದ ಅಂಗಳ. ಮೊದಲ ತಕರಾರು ಬಾಗಿಲಲ್ಲೇ ಶುರುವಾಯಿತು. ಚಪ್ಪಲಿ ಬಿಡುವ ಜಾಗ ಎಲ್ಲಿ? ಎಲ್ಲರೂ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅತ್ತೆ ಕೇಳಲಿಲ್ಲ. ತಮ್ಮ ಚಪ್ಪಲಿ ಬಿಚ್ಚಿ, ಪಕ್ಕದ ಹೂವಿನ ಕುಂಡದ ಹಿಂದೆ ಇಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡರು. ಅವರ ಕಾಲದಲ್ಲಿ ಚಾಪೆ ಹಾಸಿ ಕೂರುತ್ತಿದ್ದರಂತೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಇಲ್ಲಿ ಸಾಲು ಸಾಲು ಬೆಂಚು. ನಾವು ಐದೂ ಜನ ಒಂದೇ ಬೆಂಚಿನಲ್ಲಿ ಕೂತೆವು. ತಮ್ಮ ಮಗನ ಪಕ್ಕ ಕೂತಿದ್ದು ಅತ್ತೆಗೆ ಇಷ್ಟವಾಯಿತು ಅಂತ ನನಗೆ ಅನುಮಾನ.

ಪೂಜೆ ಶುರುವಾಯಿತು. ಹಾಡು ಚೆನ್ನಾಗಿತ್ತು. ತೊಂದರೆ ಬಂದಿದ್ದು ಮಾತಿಗೆ. ಫಾದರ್ ಪ್ರಬೋಧನೆಗೆ ನಿಂತರು. ಒಂದು ಮಾತು ಹೇಳಿದರೆ ಅದು ಛಾವಣಿಗೆ ಹೋಗಿ, ಹಿಂದಿನ ಗೋಡೆಗೆ ಬಡಿದು, ತಿರುಗಿ ಬಂದು ಮುಂದಿನ ಮಾತಿನ ಮೇಲೆ ಕೂರುತ್ತಿತ್ತು. ಕುರಿ ಅಂದಿದ್ದು ಕೇಳಿಸಿತು. ಕಳೆದುಹೋಗಿದ್ದು ಕುರಿಯೋ ಕುರುಬನೋ ಗೊತ್ತಾಗಲಿಲ್ಲ. ಕೊನೆಯಲ್ಲಿ ದಾರಿಗೆ ಅಡ್ಡ ನಿಲ್ಲಿಸಿದ ಒಂದು ಕಾರಿನ ನಂಬರ್ ಹೇಳಿದರು. ಆರು ಜನ ಗಂಡಸರು ಎದ್ದು ಹೊರಗೆ ಓಡಿದರು. ನಮ್ಮವರೂ ಅದರಲ್ಲಿ ಒಬ್ಬರು.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಅವಾಗ ಲ್ಯಾಟಿನ್. ಎಲ್ಲಾ ಕೇಳ್ತಿತ್ತು, ಒಂದೂ ಅರ್ಥ ಆಗ್ತಿರ್ಲಿಲ್ಲ. ಈಗ ಕನ್ನಡ. ಕೇಳೋದೇ ಇಲ್ವಲ್ಲೇ." ನಗು ತಡೆಯೋಕೆ ನಾನು ಕರ್ಚೀಫು ಬಾಯಿಗೆ ಇಟ್ಟುಕೊಂಡೆ.

ಅವರು ಹೇಳಿದ್ದು ಸುಳ್ಳಲ್ಲ. ರೋಮಿನಲ್ಲಿ 1962ರಿಂದ 1965ರವರೆಗೆ ಎರಡನೇ ವ್ಯಾಟಿಕನ್ ಮಹಾಸಭೆ ನಡೆದು, ಅದರ ನಂತರವೇ ನಮ್ಮ ಪೂಜೆ ನಮ್ಮ ಭಾಷೆಗೆ ಬಂದಿದ್ದು. ಅದಕ್ಕೂ ಮುಂಚೆ ಪಾದ್ರಿಗಳು ಪೀಠದ ಕಡೆಗೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದರು. ಅತ್ತೆ ಆಗ ಲಂಗ ದಾವಣಿ ಹುಡುಗಿ.

ನಮ್ಮವರು ಫಾಲ್ಸ್ ಸೀಲಿಂಗ್ ಕೆಲಸ ಮಾಡಿಸುವವರು. ಪೂಜೆ ಮುಗಿದ ಮೇಲೆ ಕತ್ತೆತ್ತಿ ಎತ್ತರ ಅಳೆಯುತ್ತ ನಿಂತರು. ಕೆಳಗೆ ಗ್ರಾನೈಟು, ಪಕ್ಕದಲ್ಲಿ ಗಾಜು, ಮೇಲೆ ಬರೀ ಕಾಂಕ್ರೀಟು. ಶಬ್ದ ಇಂಗೋಕೆ ಏನೂ ಇಲ್ಲವಂತೆ. ಜನ ತುಂಬಿದ್ದರೆ ಬಟ್ಟೆಬರೆಯೇ ಸ್ವಲ್ಪ ಕುಡಿದುಕೊಳ್ಳುತ್ತದೆ. ಅವತ್ತು ಅರ್ಧ ಬೆಂಚು ಖಾಲಿ. ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟು ಕೂಗಿಸುವ ಬದಲು, ಕಂಬಕ್ಕೊಂದು ಚಿಕ್ಕದು ಹಾಕಿ ಮೆಲ್ಲಗೆ ಬಿಟ್ಟರೆ ಸರಿಹೋಗುತ್ತದೆ ಅಂದರು. ಫಾದರ್‌ಗೆ ಹೇಳಿ ಅಂದೆ. "ಹೇಳಿದ್ರೆ ನನ್ನ ಕೈಲೇ ಮಾಡಿಸ್ತಾರೆ, ಅದೂ ಪುಕ್ಕಟೆ" ಅಂದರು. ಚಂದಾ ಪಟ್ಟಿ ಇನ್ನೂ ಬಾಗಿಲಲ್ಲೇ ಅಂಟಿಸಿದೆ, ಅವರ ಭಯವೂ ನಿಜವೇ.

ಅಷ್ಟರಲ್ಲಿ ಮಗ ಗೋಡೆ ಸುತ್ತ ಓಡಾಡಿ ಬಂದ. ಗೋಡೆಯಲ್ಲಿ ಪುಟ್ಟ ಪುಟ್ಟ ಶಿಲುಬೆ ಇವೆ, ಹನ್ನೆರಡು, ಒಂದೊಂದರ ಕೆಳಗೂ ಮೇಣದಬತ್ತಿ, ಅಲ್ಲೆಲ್ಲ ಜಿಡ್ಡು ಜಿಡ್ಡು ಅಂದ. ಅದು ಬಿಷಪ್ಪರು ಪವಿತ್ರ ತೈಲ ಹಚ್ಚಿದ ಗುರುತು. ಚರ್ಚನ್ನು ದೇವರಿಗೆ ಒಪ್ಪಿಸುವಾಗ ಪೀಠಕ್ಕೂ ಗೋಡೆಗೂ ಹಚ್ಚುತ್ತಾರೆ, ಗೋಡೆಗಾದರೆ ಹನ್ನೆರಡು ಕಡೆ, ಇಲ್ಲವೇ ನಾಲ್ಕು ಕಡೆ. ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ್ದು. ಅತ್ತೆ ಹತ್ತಿರ ಹೋಗಿ ಒಂದು ಕಡೆ ಬೆರಳಿಟ್ಟು, ಮೂಗಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಅವರು ಶುರು ಮಾಡಿದ್ದು ಒಂದು ವಿಚಿತ್ರ ಕೆಲಸ. ಮಗಳನ್ನು ಪೀಠದ ಕೆಳಗಿನ ಮೆಟ್ಟಿಲ ಹತ್ತಿರ ನಿಲ್ಲಿಸಿ "ನಮೋ ಮರಿಯೆ ಹೇಳ್ತಾ ಇರು, ನಿಲ್ಲಿಸ್ಬೇಡ" ಅಂದರು. ತಾವು ಒಂದೊಂದೇ ಬೆಂಚಿನಲ್ಲಿ ಕೂತು, ಕಿವಿಗೊಟ್ಟು, ಎದ್ದು, ಮುಂದಿನದಕ್ಕೆ ಹೋಗುತ್ತಿದ್ದರು. ಮೊಣಕಾಲು ನೋವು ಎಲ್ಲಿ ಹೋಯಿತೋ! ಮಗಳಿಗೆ ಸಾಕಾಗಿ, ಮಧ್ಯೆ ಮಧ್ಯೆ ಹಸಿವು ಅನ್ನೋದನ್ನೂ ಸೇರಿಸಿ ಹೇಳುತ್ತಿದ್ದಳು. ಅದೂ ಛಾವಣಿಗೆ ಹೋಗಿ ಬರುತ್ತಿತ್ತು.

ಒಂದು ಸಲ ಅತ್ತೆಯೇ ನಡುವೆ ನಿಂತು, ಮೆಲ್ಲಗೆ ರಾಗವಾಗಿ "ದೋಮಿನುಸ್ ವೋಬಿಸ್ಕುಮ್" ಅಂದರು, ಪ್ರಭು ನಿಮ್ಮೊಂದಿಗಿರಲಿ ಅಂತ ಹಳೇ ಲ್ಯಾಟಿನ್ ಪೂಜೆಯಲ್ಲಿ ಪಾದ್ರಿಗಳು ಹೇಳುತ್ತಿದ್ದ ಮಾತು. ಆ ಕೊನೆಯ "ಉಮ್" ಅಷ್ಟೆತ್ತರಕ್ಕೆ ಹೋಗಿ, ನಿಧಾನಕ್ಕೆ ಇಳಿಯಿತು. ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟರು. "ಎತ್ ಕುಮ್ ಸ್ಪಿರಿತು ತುವೋ" ಅಂತ ಉತ್ತರವನ್ನೂ ತಾವೇ ಹೇಳಿಕೊಂಡರು.

ಹೊರಗಿನಿಂದ ಹಾರ್ನ್. ಹಂದಿ ಮಾಂಸದ ಅಂಗಡಿಯಲ್ಲಿ ಭಾನುವಾರ ಹತ್ತೂವರೆ ದಾಟಿದರೆ ಬರೀ ಕೊಬ್ಬು ಸಿಗುತ್ತದೆ ಅಂತ ನಮ್ಮವರ ಅವಸರ. ಮನೆಯಲ್ಲಿ ಕಡುಬಿಗೆ ರೆಡಿ ಮಾಡಿಟ್ಟು ಬಂದಿದ್ದೆ. ಕುಂಡದ ಹಿಂದೆ ಚಪ್ಪಲಿ ಹಾಗೇ ಇತ್ತು, ಪಕ್ಕದಲ್ಲಿ ಇನ್ನೂ ಮೂರು ಜೊತೆ ಸೇರಿಕೊಂಡಿದ್ದವು.

ಕಾರಿನಲ್ಲಿ ಕೂತ ಮೇಲೆ ಅತ್ತೆ ಹೇಳಿದರು: "ಎಡಗಡೆ, ಎರಡನೇ ಕಂಬದ ಪಕ್ಕ, ಮೂರನೇ ಬೆಂಚು. ಅಲ್ಲಿ ಕೇಳ್ಸುತ್ತೆ. ಮುಂದಿನ ವಾರ ಅರ್ಧ ಗಂಟೆ ಮುಂಚೆ ಹೊರಡಿ, ಇಲ್ದಿದ್ರೆ ಯಾರಾದ್ರೂ ಕೂತ್ಕೋತಾರೆ."