ಗಡಿಯಾರ ತಪ್ಪಿದ ಸರ್ವರು

ಜುಲೈ ಮಳೆ. ಕದ್ರಿಯ ನಮ್ಮ ಆಫೀಸು ತಲುಪುವಾಗ ಪ್ಯಾಂಟು ಮೊಣಕಾಲವರೆಗೆ ಚಂಡಿ. ಕೊಡೆ ಮಡಚುವ ಮೊದಲೇ ಬಾಸ್, "ಸಂಜೆಯೊಳಗೆ ಯಾವುದು ಅಂತ ಹೇಳಿ ಮಾರ್ರೆ" ಎಂದರು. ಎಲ್ಲ ಸರ್ವರುಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರು ಆರಿಸುವುದಿತ್ತು: ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್, ಇವುಗಳಲ್ಲಿ ಒಂದು.

ನಮ್ಮದು 64 ಸರ್ವರು, ನೋಡಿಕೊಳ್ಳಲಿಕ್ಕೆ ಮೂರೇ ಜನ. ಏನು ಬದಲಾಯಿಸುವುದಿದ್ದರೂ ನಾನು ಬರೆದ ಶೆಲ್ ಸ್ಕ್ರಿಪ್ಟು (ಕಮಾಂಡುಗಳ ಪಟ್ಟಿ) ಒಂದೊಂದೇ ಮೆಷಿನಿಗೆ ಹೊಕ್ಕು ಬರುತ್ತಿತ್ತು. ಹಿಂದಿನ ವಾರ ಎನ್‌ಟಿಪಿ ವಿಳಾಸ, ಅಂದರೆ ಮೆಷಿನುಗಳು ಸರಿಯಾದ ಸಮಯ ಕೇಳಿಕೊಳ್ಳುವ ಜಾಗದ ವಿಳಾಸ, ಬದಲಾಯಿಸಿದಾಗ ಮೂರು ಮೆಷಿನು ಆಫ್ ಆಗಿದ್ದವು. ಸ್ಕ್ರಿಪ್ಟು ತುಟಿಪಿಟಕ್ಕೆನ್ನದೆ ಅವನ್ನು ದಾಟಿ ಹೋಗಿತ್ತು.

ಮೊದಲು ಪಪೆಟ್ ಹಿಡಿದೆ. 2005ರಿಂದ ಇರುವಂಥದ್ದು. ಪ್ರತಿ ಮೆಷಿನಿನಲ್ಲೂ ಒಂದು ಏಜೆಂಟ್ (ಸಣ್ಣ ಪ್ರೋಗ್ರಾಮು) ಕೂತು, ಸೆಟ್ಟಿಂಗ್ ಹೇಗಿರಬೇಕೆಂದು 30 ನಿಮಿಷಕ್ಕೊಮ್ಮೆ ಪಪೆಟ್‌ನ ಮುಖ್ಯ ಸರ್ವರಿಗೆ ಕೇಳುತ್ತದೆ. ನಡುವೆ ಯಾರಾದರೂ ಕೈಯಾಡಿಸಿದ್ದರೆ ತಾನೇ ಸರಿಮಾಡುತ್ತದೆ. ಮನಸ್ಸಿಗೆ ಒಪ್ಪಿದ್ದು ಅದೇ. ಆದರೆ ಪರೀಕ್ಷೆಗೆ ಆರಿಸಿದ ಹಳೆ ಮೆಷಿನು, ಗುರುತು ತೋರಿಸುವ ಸರ್ಟಿಫಿಕೇಟನ್ನೇ ಒಪ್ಪಲಿಲ್ಲ. ಎರಡು ಗಂಟೆ ಫೈರ್‌ವಾಲಿಗೆ ಬೈದೆ. ಆಮೇಲೆ ಸುಮ್ಮನೆ 'ಡೇಟ್' ಅಂತ ಹೊಡೆದು ನೋಡಿದರೆ ಅದು 2012ರಲ್ಲಿ ಬದುಕುತ್ತಿತ್ತು! ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ, ಕರೆಂಟು ಹೋಗಿ ಬಂದಿದೆ, ಎನ್‌ಟಿಪಿ ವಿಳಾಸ ಹಳೆಯದು. ಬಿಟ್ಟುಹೋದ ಮೂರರಲ್ಲಿ ಇದೂ ಒಂದು. ನಾವು ಕೊಟ್ಟ ಸರ್ಟಿಫಿಕೇಟು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಪಪೆಟ್‌ನ ತಪ್ಪೇನಿಲ್ಲ ಬಿಡಿ. ಆದರೂ ಉಳಿದವನ್ನೂ ನೋಡಿದೆ. ಶೆಫ್‌ನ ರೆಸಿಪಿಗಳು (ಏನೇನು ಮಾಡಬೇಕೆಂಬ ಫೈಲುಗಳು) ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ನಮ್ಮಲ್ಲಿ ಮೂವರಿಗೂ ರೂಬಿ ಬಾರದು. ಸಾಲ್ಟ್ ಭಾರೀ ಚುರುಕು, ಆದರೆ ಫೈರ್‌ವಾಲಿನಲ್ಲಿ 4505, 4506 ಪೋರ್ಟು ಬಿಡಿಸಬೇಕು. ಅರ್ಧಕ್ಕರ್ಧ ಸರ್ವರು ಗ್ರಾಹಕರ ಜಾಗದಲ್ಲಿವೆ. ಅವರಿಂದ ಒಂದು ಪೋರ್ಟು ಬಿಡಿಸುವಷ್ಟರಲ್ಲಿ ಮಳೆಗಾಲವೇ ಮುಗಿದೀತು.

ಮೂರು ಗಂಟೆಗೆ ಕರೆಂಟು ಹೋಯಿತು. ಯುಪಿಎಸ್ ಕೀಂಗುಟ್ಟುತ್ತಿರುವಾಗ ಗೋಳಿಬಜೆ ಬಂತು. ಹೊಸದಾಗಿ ಸೇರಿದ ಹುಡುಗಿಯ ಮುಂದೆ ಲ್ಯಾಪ್‌ಟಾಪ್ ತಿರುಗಿಸಿ, ಆನ್ಸಿಬಲ್‌ನ ಒಂದು ಪ್ಲೇಬುಕ್ (ಮಾಡಬೇಕಾದ ಕೆಲಸಗಳ ಪಟ್ಟಿ) ತೋರಿಸಿ, "ಇದು ಎಂತ ಮಾಡ್ತದೆ?" ಅಂದೆ. ಚಟ್ನಿ ನೆಕ್ಕುತ್ತಲೇ ಹೇಳಿದಳು: "ಫೈಲು ಹಾಕ್ತದೆ. ಫೈಲು ಬದಲಾದ್ರೆ ಮಾತ್ರ ಸರ್ವಿಸು ರೀಸ್ಟಾರ್ಟ್ ಮಾಡ್ತದೆ." ನನ್ನ ಸ್ಕ್ರಿಪ್ಟನ್ನು ಆರು ತಿಂಗಳಾದ ಮೇಲೆ ನಾನೇ ಹಾಗೆ ಓದಿ ಹೇಳಲಾರೆ.

ಆನ್ಸಿಬಲ್‌ಗೂ ಕೊರತೆ ಉಂಟು. ಏಜೆಂಟ್ ಇಲ್ಲ, ದೂರದ ಮೆಷಿನಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಾಕು, ಸರಿ. ಆದರೆ ನಾವು ಓಡಿಸಿದರಷ್ಟೇ ಓಡುತ್ತದೆ. ಮೊದಲಿಗೆ ಒಂದು ಸಲಕ್ಕೆ ಐದೇ ಮೆಷಿನು ಹಿಡಿಯುತ್ತದೆ, ಆ ಸಂಖ್ಯೆ ನಾವೇ ಏರಿಸಬೇಕು. ಆಫ್ ಇದ್ದ ಮೆಷಿನು ಇಲ್ಲಿಯೂ ತಪ್ಪುತ್ತದೆ, ಆದರೆ ಕೊನೆಯಲ್ಲಿ 'ಅನ್‌ರೀಚೆಬಲ್' ಎಂದು ಕೆಂಪಗೆ ಹೆಸರು ಹಿಡಿದು ಹೇಳುತ್ತದೆ. ನನಗೆ ಅಷ್ಟು ಸಾಕಿತ್ತು.

ಕರೆಂಟು ಬಂದ ಮೇಲೆ, ಏನನ್ನೂ ಬದಲಾಯಿಸದೆ ವ್ಯತ್ಯಾಸ ಮಾತ್ರ ತೋರಿಸುವ ಹಾಗೆ ಚೆಕ್ ಮೋಡಿನಲ್ಲಿ ಓಡಿಸಿದೆವು. ಹನ್ನೊಂದು ಮೆಷಿನಿನಲ್ಲಿ ಯಾರೋ ಕೈಯಾರೆ ತಿದ್ದಿದ್ದು ಸಿಕ್ಕಿತು. ಒಂದರಲ್ಲಿ 'ತಾತ್ಕಾಲಿಕ, ನಾಳೆ ತೆಗೆಯಬೇಕು' ಎಂಬ ಸಾಲು. ಎರಡು ವರ್ಷ ಹಳೆಯದು.

"ಇದು ನೀವೇ ಬರೆದದ್ದಲ್ವಾ ಸರ್?" ಅಂದಳು ಹುಡುಗಿ. ನಾನು ಉಳಿದ ಗೋಳಿಬಜೆಯ ತಟ್ಟೆಯನ್ನು ಅವಳ ಕಡೆಗೆ ದೂಡಿದೆ.